ದೊಡ್ಡ ಪೆಟ್ಟಿಗೆಯ ಸ್ವರ

"ಇನ್ನೂ ಜೋರು!" ಎಂದಳು ಧೃತಿ.

"ಇನ್ನೂ ಜೋರು ಇಟ್ಟರೆ ನನ್ನ ಅಂಗಡಿಯ ಗ್ಲಾಸು ಹೋಗ್ತದೆ ಮಾರಾಯ್ತಿ," ಎಂದು ಜಿತೇಶ್ ನಕ್ಕ. ಆದರೂ ಗುಂಡಿ ತಿರುಗಿಸಿದ.

ದುಡುಂ. ದುಡುಂ. ದುಡುಂ.

ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದ ನೀರಿನ ಬಾಟಲಿ ತಾನಾಗಿಯೇ ನಡುಗಿ ಪಕ್ಕಕ್ಕೆ ಸರಿಯಿತು. ಸೀಟಿನ ಅಡಿಯಿಂದ ಏನೋ ಎದ್ದು ಬಂದು ಧೃತಿಯ ಎದೆಯೊಳಗೆ ಕೂತು ಕುಣಿಯಿತು. ಅವಳು ಎರಡೂ ಕೈಯಿಂದ ಎದೆ ಒತ್ತಿಕೊಂಡು ಕಿಸಕ್ಕನೆ ನಕ್ಕಳು.

"ಅಣ್ಣ, ಇದೇ! ಇದೇ ಬೇಕು!"

ಸಂತೆಕಟ್ಟೆಯಲ್ಲಿ ಹೈವೇ ಪಕ್ಕದಲ್ಲೇ ಜಿತೇಶನ ಅಂಗಡಿ. ಕಾರಿನ ಸೀಟ್ ಕವರ್, ಹಾರ್ನ್, ಸ್ಪೀಕರ್ ಎಲ್ಲ ಅಲ್ಲಿ ಸಿಗುತ್ತದೆ. ಧೃತಿಯ ಅಣ್ಣ ಲಕ್ಷಿತ್ ಅಂದು ತನ್ನ ಕಾರಿಗೆ ಹಾಡಿನ ದುಡುಂ ದುಡುಂ ಗುದ್ದು ಎಬ್ಬಿಸುವ ಸಬ್‌ವೂಫರ್ ಪೆಟ್ಟಿಗೆ ಹಾಕಿಸಲು ಬಂದಿದ್ದ. ಅವನದ್ದು ಬಾಡಿಗೆ ಕಾರು. ಮಣಿಪಾಲದ ಹಾಸ್ಟೆಲ್ ಮಕ್ಕಳನ್ನು ಏರ್‌ಪೋರ್ಟಿಗೆ ಬಿಡುವುದು, ಕಾರ್ಕಳಕ್ಕೆ ಯಾರನ್ನೋ ಕರೆದುಕೊಂಡು ಹೋಗುವುದು, ಹೀಗೆ ಬೆಳಗಿನಿಂದ ಸಂಜೆಯವರೆಗೆ ಅವನು ಕಾರಿನಲ್ಲೇ ಇರುತ್ತಿದ್ದ. ಹಾಡಿಲ್ಲದಿದ್ದರೆ ನಿದ್ದೆ ಬರುತ್ತದೆ ಎಂದು ಅವನ ದೂರು.

ಜಿತೇಶ್ ಅವರ ಮುಂದೆ ಎರಡು ಪೆಟ್ಟಿಗೆ ಇಟ್ಟಿದ್ದ. ಒಂದು ಸಣ್ಣದು. ಇನ್ನೊಂದು ಇಡೀ ಡಿಕ್ಕಿಯನ್ನೇ ನುಂಗುವಷ್ಟು ದೊಡ್ಡದು.

"ಡೈಲಿ ಕೇಳ್ಲಿಕ್ಕಾ, ಇಲ್ಲ ಊರಿಗೆ ಕೇಳಿಸ್ಲಿಕ್ಕಾ? ಅದನ್ನು ಮೊದಲು ಹೇಳಿ," ಎಂದ ಜಿತೇಶ್.

"ಡೈಲಿ ಕೇಳ್ಲಿಕ್ಕೆ," ಎಂದ ಲಕ್ಷಿತ್.

"ಹಾಗಾದ್ರೆ ಪೆಟ್ಟಿಗೆ ಮೇಲೆ ಬರೆದ ದೊಡ್ಡ ವ್ಯಾಟ್ ನೋಡ್ಬೇಡಿ. ಅದು ಒಂದು ಕ್ಷಣಕ್ಕೆ ಮಾತ್ರ. ಆರ್‌ಎಂಎಸ್ ಅಂತ ಉಂಟಲ್ಲ, ಅದು ನೋಡಿ. ಇಡೀ ದಿನ ತಡೆಯುವ ಪವರ್ ಅದು. ಇದು ಸಣ್ಣದು, ಸೀಲ್ಡ್. ಎಲ್ಲ ಕಡೆ ಮುಚ್ಚಿದ್ದು. ಬೇಸ್ ಗಟ್ಟಿ, ಆದ್ರೆ ತಲೆನೋವು ಬರುವುದಿಲ್ಲ. ಆ ದೊಡ್ಡದಕ್ಕೆ ಇಲ್ಲೊಂದು ತೂತು ಉಂಟು ನೋಡಿ. ಗಾಳಿ ಹೊರಗೆ ತಳ್ತದೆ. ಕಾರಿನ ಒಳಗೆ ಎಷ್ಟು ಸ್ವರವೋ ಹೊರಗೂ ಅಷ್ಟೇ."

"ಸಣ್ಣದು ಸಾಕು," ಎಂದ ಲಕ್ಷಿತ್.

"ದೊಡ್ಡದು!" ಎಂದಳು ಧೃತಿ.

ಅವಳಿಗೆ ದೊಡ್ಡದೇ ಬೇಕಾದದ್ದಕ್ಕೆ ಕಾರಣ ಇತ್ತು. ಅವರ ಮನೆ ಪಡುಕರೆಯಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ, ನಡುವೆ ಉದ್ದಕ್ಕೆ ಊರು. ಮೀನು ಹಿಡಿಯಲು ಹೋದ ಬೋಟುಗಳು ನದಿ ಸಮುದ್ರ ಸೇರುವ ಅಳಿವೆಯಿಂದ ಒಳಗೆ ಬಂದು ಮಲ್ಪೆಯ ಬಂದರಿಗೆ ಹೋಗುತ್ತವೆ. ಪಡುಕರೆಯ ಹೆಂಗಸರಿಗೆ ಬೋಟು ಕಾಣಬೇಕೆಂದಿಲ್ಲ. ಎಂಜಿನಿನ ಸ್ವರ ಕೇಳಿದರೆ ಸಾಕು, ಇದು ನಮ್ಮದು, ಇದು ಅವರದು ಎಂದು ಹೇಳಿಬಿಡುತ್ತಾರೆ. ಧೃತಿಯ ಅಮ್ಮ ಕಮಲಳಂತೂ ಅಪ್ಪನ ಬೋಟು ಅಳಿವೆಗೆ ತಿರುಗುವಾಗಲೇ ಒಲೆಯ ಮೇಲೆ ಎಸರಿಡುತ್ತಿದ್ದಳು.

"ಅಪ್ಪ ಬರುವುದು ಗೊತ್ತಾಗ್ತದೆ. ನೀನು ಬರುವುದು ಗೊತ್ತೇ ಆಗುವುದಿಲ್ಲ. ನೀನು ಸೇತುವೆ ಹತ್ತುವಾಗಲೇ ನಮ್ಮ ಮನೆಗೆ ಕೇಳ್ಬೇಕು," ಎಂದಳು ಧೃತಿ. ಲಕ್ಷಿತ್ ಬೇಡವೆಂದು ತಲೆ ಆಡಿಸಿದ್ದೇ ತಡ, ಮುಖ ಊದಿಸಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

ಲಕ್ಷಿತ್ ಎಂತಹ ಟ್ರಾಫಿಕ್ಕಿನಲ್ಲೂ ಕಾರು ಓಡಿಸಬಲ್ಲ. ತಂಗಿಯ ಊದಿದ ಮುಖದ ಎದುರು ಮಾತ್ರ ಅವನ ಆಟ ನಡೆಯುವುದಿಲ್ಲ. ದೊಡ್ಡ ಪೆಟ್ಟಿಗೆ ಡಿಕ್ಕಿಯೊಳಗೆ ಕೂತಿತು.

ಆ ಸಂಜೆ ಕಾರು ಸೇತುವೆ ದಾಟಿ, ನದಿಯ ಬದಿಯ ರಸ್ತೆ ಹಿಡಿದು, ಓಣಿಗೆ ಬಂದಾಗ ಮಕ್ಕಳೆಲ್ಲ ಓಡಿ ಬಂದರು. ಎಲ್ಲರಿಗಿಂತ ಮುಂದೆ ದ್ರಾಕ್ಷಾಯಿಣಿ. ಅವಳು ಧೃತಿಯ ಕ್ಲಾಸೇ. ಅಷ್ಟು ಉದ್ದದ ಹೆಸರು ಯಾರು ಕರೆಯುತ್ತಾರೆ? ಶಾಲೆಯಲ್ಲಿ ಅವಳು ದ್ರಾಕ್ಷಿ. ಮೊದಲು ಅಳುತ್ತಿದ್ದಳು. ಆಮೇಲೆ "ಹುಳಿ ದ್ರಾಕ್ಷಿ ಅದೀನಿ, ಹುಷಾರ್!" ಎಂದು ತಾನೇ ಹೇಳಲು ಕಲಿತಳು.

ದ್ರಾಕ್ಷಿಯ ಊರು ಕೊಪ್ಪಳದ ಕಡೆ. ಓಣಿಯ ತುದಿಯಲ್ಲಿ, ನದಿಗೆ ತಾಗಿದ ತಗಡಿನ ರೂಮಿನಲ್ಲಿ ಅವಳು ಅಪ್ಪ ಅವ್ವನ ಜೊತೆ ಇದ್ದಳು. ಅಪ್ಪ ಹನುಮಪ್ಪ ಜಲರಾಣಿ ಎಂಬ ಬೋಟಿನಲ್ಲಿ ಕೆಲಸಕ್ಕಿದ್ದ. ಅವ್ವ ಯಂಕವ್ವ ಬಂದರಿನಲ್ಲಿ ಮೀನು ಹೆಕ್ಕುತ್ತಿದ್ದಳು.

ಅಂದು ಯಂಕವ್ವ ಇನ್ನೂ ಬಂದರಿನಿಂದ ಬಂದಿರಲಿಲ್ಲ. ಹನುಮಪ್ಪ ಮಾತ್ರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓಡಿ ಬಂದ.

"ಏ ತಂಗೀ, ನಾ ಬೋಟ್ ಬಂತಂತ ತಿಳದು ಓಡಿ ಬಂದೆ ನೋಡು!" ಎಂದು ಅವನು ಹೊಟ್ಟೆ ಹಿಡಿದು ನಕ್ಕ. "ಥೇಟ್ ನಮ್ ಜಲರಾಣಿ ಸಪ್ಪಳ! ಆಕಿನೂ ಮುದುಕಿ. ಹಿಂಗ ಎದಿ ಬಡ್ಕೊಂತ ಬರ್ತಾಳ."

ಲಕ್ಷಿತ್ ಅವನನ್ನೂ ದ್ರಾಕ್ಷಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಸೇತುವೆಯವರೆಗೆ ಒಂದು ರೌಂಡ್ ಹೊಡೆದ. ಹನುಮಪ್ಪ ಕಣ್ಣು ಮುಚ್ಚಿ ಕೂತಿದ್ದ. ದ್ರಾಕ್ಷಿ ಅವನ ಎದೆಗೆ ಕಿವಿ ಕೊಟ್ಟು, "ಅಪ್ಪನೊಳಗೂ ಹಾಡ್ ಬರಾಕ್ಹತ್ತೈತಿ!" ಎಂದು ಕೂಗಿದಳು.

ಮರುದಿನ ಬೆಳಗ್ಗೆ ಜಲರಾಣಿ ಸಮುದ್ರಕ್ಕೆ ಹೋಯಿತು.

ಆ ವಾರವೇ ಗಾಳಿ ಎದ್ದದ್ದು. ಅದೂ ಸಾಮಾನ್ಯ ಗಾಳಿಯಲ್ಲ. ಶಾಲೆಯ ಹೆಂಚು ಹಾರಿತು. ಸಮುದ್ರದ ನೀರು ತೆಂಗಿನ ಮರದ ಬುಡಕ್ಕೆ ಬಂತು. ಬೋಟುಗಳು ಜೀವ ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ವಾಪಸ್ ಬಂದವು. ಧೃತಿಯ ಅಪ್ಪ ರೂಪೇಶನ ಬೋಟಿನ ಸ್ವರ ಕೇಳಿದಾಗ ಅಮ್ಮ ಎಸರಿಡಲೂ ಮರೆತು ಹೊಸ್ತಿಲಲ್ಲೇ ಕೂತು ಅತ್ತಳು.

ಎಲ್ಲ ಬಂದವು. ಜಲರಾಣಿ ಬರಲಿಲ್ಲ.

ಮೊದಲು ಎಲ್ಲರೂ ಹುಡುಕಿದರು. ಅಪ್ಪನೂ ಹೋದ. ದೊಡ್ಡ ಹಡಗೂ ಬಂತು. ಟಿವಿಯಲ್ಲಿಯೂ ಹೇಳಿದರು. ಆಮೇಲೆ ಗಾಳಿ ನಿಂತಿತು, ಬಿಸಿಲು ಬಂತು, ಬಲೆಗೆ ಬಂಗುಡೆ ಬೀಳತೊಡಗಿತು. ಜಲರಾಣಿಯ ಯಜಮಾನ ದೂರದವನು. ಅದರಲ್ಲಿ ಹೋದವರೆಲ್ಲ ಭಟ್ಕಳ, ಕುಮಟಾ ಕಡೆಯವರು, ಮತ್ತೆ ಹನುಮಪ್ಪ. ಪಡುಕರೆಯ ಮನೆಯವರು ಯಾರೂ ಇರಲಿಲ್ಲ. ಊರಿನವರು ಕೆಟ್ಟವರಲ್ಲ. ಆದರೂ ಸಂಜೆಯಾದರೆ ಎಲ್ಲ ಮನೆಯ ಟಿವಿ ಮೊದಲಿನ ಹಾಗೆ ಹಾಡತೊಡಗಿತು.

ಲಕ್ಷಿತಣ್ಣನ ಕಾರೂ ಹಾಡುತ್ತಲೇ ಬರುತ್ತಿತ್ತು. ಸೇತುವೆ ಹತ್ತುವಾಗಲೇ ದುಡುಂ ದುಡುಂ. ಧೃತಿ ಪುಸ್ತಕ ಮುಚ್ಚಿ, "ಅಣ್ಣ ಬಂದ!" ಎನ್ನುವಳು. ಅದು ಅವಳಿಗೆ ದಿನದ ಅತಿ ಖುಷಿಯ ಹೊತ್ತು.

ದ್ರಾಕ್ಷಿ ಕೆಲವು ದಿನ ಶಾಲೆಗೆ ಬರಲಿಲ್ಲ. ಆಮೇಲೆ ಬಂದಳು. ಜೆರ್ಟ್ರೂಡ್ ಟೀಚರ್ ಹಾಜರಿ ಕರೆಯುವಾಗ "ದ್ರಾಕ್ಷಾಯಿಣಿ" ಎಂದು ಪೂರ್ತಿ ಹೆಸರನ್ನು ಮೆಲ್ಲಗೆ ಕರೆದರು. ಯಾರೂ ಹುಳಿ ದ್ರಾಕ್ಷಿ ಎನ್ನಲಿಲ್ಲ. ಎಲ್ಲರೂ ಅವಳಿಗೆ ಪೆನ್ಸಿಲ್ ಕೊಡಲು ಬಂದರು. ಇದು ಧೃತಿಗೆ ಸರಿ ಕಾಣಲಿಲ್ಲ. ಯಾರಾದರೂ ಅವಳನ್ನು ಒಮ್ಮೆ ಚುಡಾಯಿಸಬಾರದೇ ಎನಿಸಿತು.

ಸಂಜೆ ಅವಳನ್ನು ಹೋಮ್‌ವರ್ಕ್ ಮಾಡಲು ಮನೆಗೆ ಕರೆದುಕೊಂಡು ಬಂದಳು. ಧೃತಿಯ ಮನೆಯಲ್ಲಿ ಮಾತಾಡುವುದು ತುಳು. ದ್ರಾಕ್ಷಿ ಬಂದರೆ ಮಾತ್ರ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದರು.

ಇಬ್ಬರೂ ಚಾಪೆಯ ಮೇಲೆ ಕೂತು ಭಾಗಾಕಾರ ಮಾಡುತ್ತಿದ್ದಾಗ ಅಪ್ಪ ಕಾಪುವಿನಿಂದ ಬಂದ. ಅಲ್ಲಿಯ ಕಡಲ ಬದಿಗೆ ಒಂದು ನೀಲಿ ಡ್ರಮ್ಮೂ ಒಡೆದ ಹಲಗೆಗಳೂ ಬಂದು ಬಿದ್ದಿವೆ ಎಂದು ಫೋನ್ ಬಂದಿತ್ತು. ನೋಡಲು ಹೋಗಿದ್ದ. ಕೈಕಾಲು ತೊಳೆದು ಒಳಗೆ ಬಂದವನು ಅಮ್ಮನ ಹತ್ತಿರ ಹೋಗಿ ತುಳುವಿನಲ್ಲಿ ಹೇಳಿದ:

"ಆ ಬೋಟ್ ನನ ಬರ್ಪುಜಿ."

ಆ ಬೋಟು ಇನ್ನು ಬರುವುದಿಲ್ಲ. ಹಲಗೆಯ ಮೇಲೆ ಜಲರಾಣಿಯ ಹೆಸರಿನ ಅಕ್ಷರ ಇತ್ತಂತೆ. ಅದನ್ನೂ ತುಳುವಿನಲ್ಲೇ ಹೇಳಿದ. ಅಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಳು. ಇಬ್ಬರೂ ದ್ರಾಕ್ಷಿಯ ಕಡೆ ನೋಡಿ ಬೇಗ ಬೇರೆ ಕಡೆ ತಿರುಗಿದರು.

"ಏನಂದ್ರ ನಿಮ್ಮಪ್ಪ?" ಎಂದು ದ್ರಾಕ್ಷಿ ಕೇಳಿದಳು.

ಧೃತಿ ಪುಸ್ತಕದ ಹಾಳೆ ತಿರುಗಿಸಿದಳು.

"ಎಂತ ಇಲ್ಲ. ಇನ್ನೂ ಹುಡುಕ್ತಾ ಇದ್ದಾರಂತೆ."

"ಹೂಂ," ಎಂದು ದ್ರಾಕ್ಷಿ ಲೆಕ್ಕಕ್ಕೆ ಬಗ್ಗಿದಳು. ಶೇಷ ಎಷ್ಟು ಎಂದು ಅವಳು ಬರೆಯಲೇ ಇಲ್ಲ.

ಅವಳು ಹೋದ ಮೇಲೆ ನೋಡಿದರೆ ಕೊಡೆ ಇಲ್ಲೇ ಬಿಟ್ಟು ಹೋಗಿದ್ದಳು. ಆಕಾಶದಲ್ಲಿ ಮೋಡ ಇತ್ತು. "ಕೊಟ್ಟು ಬಾ," ಎಂದಳು ಅಮ್ಮ. ಧೃತಿಗೆ ಹೋಗಲು ಮನಸ್ಸಿರಲಿಲ್ಲ. ಸುಳ್ಳು ಹೇಳಿದ ಮೇಲೆ ಅವರ ಎದುರು ಮತ್ತೆ ಹೋಗುವುದು ಸುಲಭವಲ್ಲ. ಆದರೂ ಹೋದಳು.

ತಗಡಿನ ರೂಮಿನಲ್ಲಿ ದೀಪ ಹಾಕಿರಲಿಲ್ಲ. ಯಂಕವ್ವ ಗೋಡೆಗೆ ಒರಗಿ ಮಗಳ ಜಡೆ ಹಾಕುತ್ತಿದ್ದಳು. ಒಲೆ ತಣ್ಣಗಿತ್ತು. ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದಳು.

"ಬಾ ಯವ್ವಾ, ಕುಂದ್ರು," ಎಂದಳು ಯಂಕವ್ವ. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. "ನಿಮ್ಮಪ್ಪ ಬಂದನೇನು? ಏನರ ಸುದ್ದಿ?"

ಧೃತಿ ಇಲ್ಲವೆಂದು ತಲೆ ಆಡಿಸಿದಳು. ಇನ್ನೊಂದು ಸುಳ್ಳು.

ಆಗ ನೆಲ ಮೆಲ್ಲಗೆ ಅದುರಿತು.

ದುಡುಂ. ದುಡುಂ. ದುಡುಂ.

ಧೃತಿಗೆ ಮೊದಲು ಅದು ಎಂತ ಎಂದೇ ತಿಳಿಯಲಿಲ್ಲ. ಹಾಡು ಇಲ್ಲ, ಮಾತು ಇಲ್ಲ. ಬರೀ ಗುದ್ದು. ನೀರಿನ ಮೇಲಿಂದ ಬಂದ ಹಾಗೆ, ದೂರದಿಂದ ಹತ್ತಿರಕ್ಕೆ ಬರುತ್ತಿತ್ತು. ಮಾಡಿನ ತಗಡು ಗುಂಯ್ ಎಂದಿತು. ಬೋರಲು ಹಾಕಿದ್ದ ಪಾತ್ರೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

ಯಂಕವ್ವ ಬಾಚಣಿಗೆಯನ್ನು ಮಗಳ ತಲೆಯಲ್ಲೇ ಬಿಟ್ಟು ಎದ್ದಳು.

"ಬಂತು! ಬಂತವ್ವಾ, ಬಂತು!"

ಅವಳು ಬರಿಗಾಲಿನಲ್ಲಿ ನದಿಯ ದಂಡೆಗೆ ಓಡಿದಳು. ಅವಳ ಸೆರಗು ಬೇಲಿಗೆ ಸಿಕ್ಕಿತು. ಎಳೆದುಕೊಂಡು ಓಡಿದಳು. ನೀರಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಅಳಿವೆಯ ಕಡೆ ಕೈ ಬೀಸಿದಳು.

ಸದ್ದು ಬಂತು, ಬಂತು, ತೀರ ಹತ್ತಿರ ಬಂತು. ಆಮೇಲೆ ಪಟ್ಟನೆ ನಿಂತಿತು.

ಓಣಿಯ ಆಚೆ ಕಾರಿನ ಬಾಗಿಲು ಮುಚ್ಚಿದ್ದು ಕೇಳಿತು. ಧೃತಿಗೆ ಆಗ ಗೊತ್ತಾಯಿತು. ಅದು ಲಕ್ಷಿತಣ್ಣನ ಕಾರು.

"ದಿನಾ ಹಿಂಗ," ಎಂದಳು ದ್ರಾಕ್ಷಿ. ತಲೆಯಲ್ಲಿ ಸಿಕ್ಕಿದ್ದ ಬಾಚಣಿಗೆಯನ್ನು ತಾನೇ ತೆಗೆದಳು. "ಬೋಟು ಅಳಿವಿತನಕ ಬರ್ತೈತಿ, ದಾರಿ ಸಿಗದಂಗ ಆಗಿ ಹೊಳ್ಳಿ ಹೋಗ್ತೈತಿ ಅಂತಾಳ ಅವ್ವ."

ಯಂಕವ್ವ ಒದ್ದೆ ಸೀರೆಯಲ್ಲಿ ಹಿಂದೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಬಂದವಳೇ ಒಲೆ ಹಚ್ಚಿದಳು, ಪಾತ್ರೆ ತಿರುಗಿಸಿ ನೀರು ಹಾಕಿದಳು. "ಇವತ್ತಿಲ್ಲಂದ್ರ ನಾಳೆ. ಬಂದಾಂವ ಹಸಿದು ಬರ್ತಾನ," ಎಂದು ಒಲೆಗೆ ಹೇಳಿದಳು.

ಧೃತಿ ಕೊಡೆಯನ್ನು ಅಲ್ಲೇ ಒರಗಿಸಿ ಮನೆಗೆ ಓಡಿದಳು.

ಲಕ್ಷಿತ್ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದ.

"ಅಣ್ಣ, ಆ ಸಬ್‌ವೂಫರ್ ತೆಗಿ."

"ಎಂತ?"

"ತೆಗಿ! ಈಗಲೇ ತೆಗಿ! ಅದು ಬೇಡ!"

"ಹುಚ್ಚಾ ನಿನಗೆ? ನೀನೇ ಅಲ್ವಾ ಹಟ ಮಾಡಿ ಹಾಕಿಸಿದ್ದು? ಸಣ್ಣದು ಸಾಕು ಅಂತ ನಾನು ಬಡ್ಕೊಂಡೆ."

ಧೃತಿ ಅಳುತ್ತ ಅಳುತ್ತ ಎಲ್ಲ ಹೇಳಿದಳು. ತಗಡು, ಪಾತ್ರೆ, ನೀರಿನಲ್ಲಿ ನಿಂತ ಯಂಕವ್ವ. ಲಕ್ಷಿತ್ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ. ಅವನ ಮುಖದಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ದಿನಾನಾ?" ಎಂದು ಕೇಳಿದ.

"ದಿನಾ."

ಅವನು ಕಾರಿನ ಹತ್ತಿರ ಹೋಗಿ ಡಿಕ್ಕಿ ತೆರೆದ. ದೊಡ್ಡ ಪೆಟ್ಟಿಗೆಯ ಹಿಂದಿನ ವಯರನ್ನು ಎಳೆದು ತೆಗೆದ. ಎಳೆದ ರಭಸಕ್ಕೆ ಅದರ ತುದಿ ಮುರಿಯಿತು.

"ಕಾರಿನ ಒಳಗೆ ಕೂತವನಿಗೆ ಹಾಡು ಮಾತ್ರ ಕೇಳ್ತದೆ," ಎಂದ. ಅದು ತಪ್ಪಿಸಿಕೊಳ್ಳಲು ಹೇಳಿದ ಮಾತಲ್ಲ. ಅವನಿಗೂ ನಾಚಿಕೆಯಾಗಿತ್ತು.

ಮರುದಿನ ಸಂಜೆ ಲಕ್ಷಿತಣ್ಣನ ಕಾರು ಸೇತುವೆ ದಾಟಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಧೃತಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಒಂದು ತಪ್ಪಾದರೂ ಸರಿಯಾಯಿತು ಎಂದುಕೊಂಡಳು. ಅಂದು ಚೆನ್ನಾಗಿ ನಿದ್ದೆ ಮಾಡಿದಳು.

ಅದರ ಮರುದಿನ ದ್ರಾಕ್ಷಿ ಶಾಲೆಗೆ ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ಧೃತಿ ನೇರ ತಗಡಿನ ರೂಮಿಗೆ ಹೋದಳು. ದ್ರಾಕ್ಷಿ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಜಡೆ ಹಾಕಿರಲಿಲ್ಲ. ಒಳಗೆ ಯಂಕವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಲಗಿದವಳಿಗೆ ನಿದ್ದೆ ಬಂದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

"ಜ್ವರವಾ?" ಎಂದು ಧೃತಿ ಪಿಸುಗುಟ್ಟಿದಳು.

"ಇಲ್ಲ. ನಿನ್ನೆ ಸಪ್ಪಳ ಬರ್ಲಿಲ್ಲ. ಕತ್ತಲಾಗೋತನಕ ನೀರಾಗ ನಿಂತಿದ್ಲು. ಆಮ್ಯಾಲ ಬಂದು, ಎಂಜಿನ್ ನಿಂತೋತು ಅಂದ್ಲು. ಅಷ್ಟ. ಮತ್ತ ಮಾತಾಡಿಲ್ಲ."

ಧೃತಿಗೆ ಇನ್ನು ತಡೆಯಲು ಆಗಲಿಲ್ಲ.

"ದ್ರಾಕ್ಷಿ, ಅದು ಬೋಟು ಅಲ್ಲ. ನಮ್ಮ ಕಾರು. ದೊಡ್ಡದು ಬೇಕು ಅಂತ ಹೇಳಿದ್ದು ನಾನೇ."

ಬೈಯುತ್ತಾಳೆ, ಹೊಡೆಯುತ್ತಾಳೆ, ಇನ್ನು ಮಾತೇ ಬಿಡುತ್ತಾಳೆ ಎಂದು ಧೃತಿ ಕಾದಳು.

"ನಂಗೊತ್ತಿತ್ತು," ಎಂದಳು ದ್ರಾಕ್ಷಿ.

"ಎಂತ?"

"ಆ ಕಾರಿನಾಗ ನಾ ಕುಂತಿಲ್ಲೇನು? ಮೊದಲನೇ ದಿನಾನ ಗೊತ್ತಾತು."

"ಮತ್ತೆ ನಿನ್ನ ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

ದ್ರಾಕ್ಷಿ ಕಾಲಿನ ಹೆಬ್ಬೆರಳಿನಿಂದ ಮರಳು ಕೆರೆದಳು.

"ಸಪ್ಪಳ ಕೇಳಿದ್ರ ಅವ್ವ ಒಲಿ ಹಚ್ತಿದ್ಲು. ಅಪ್ಪಗಂತ ಅನ್ನ ಮಾಡ್ತಿದ್ಲು. ಅಪ್ಪ ಬರ್ಲಿಲ್ಲಂದ್ರ ಅದನ್ನ ನಾವಿಬ್ರೂ ಉಣ್ತಿದ್ವಿ. ಅವ್ವನೂ ಒಂದಿಷ್ಟು ಉಣ್ತಿದ್ಲು. ನಿನ್ನೆಯಿಂದ ಒಲಿ ಹಚ್ಚಿಲ್ಲ."

ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. ಹಸಿವಿತ್ತು.

"ಇವತ್ತು ಜೋರ್ ಹಚ್ಚಾಕ ಹೇಳ್ತೀಯೇನು ನಿಮ್ಮಣ್ಣಗ? ಒಂದ್ ಸಲ?"

ಧೃತಿ ಮನೆಗೆ ಓಡಿದಳು.

ಮನೆಯಲ್ಲಿ ಎಲ್ಲರೂ ಇದ್ದರು. ಧೃತಿ ಉಸಿರು ಬಿಡದೆ ಹೇಳಿ ಮುಗಿಸಿದಳು. ಲಕ್ಷಿತ್ ಎದ್ದು ಕಾರಿನ ಕೀ ತೆಗೆದುಕೊಂಡ.

"ವಯರ್ ಸರಿ ಮಾಡಿ ಒಂದು ಸಲ ಹಾಕ್ತೇನೆ. ಪಾಪ, ಊಟ ಆದ್ರೂ ಮಾಡ್ಲಿ."

"ಬೇಡ," ಎಂದಳು ಅಮ್ಮ.

"ಅಮ್ಮ, ದ್ರಾಕ್ಷಿ ನಿನ್ನೆಯಿಂದ..." ಎಂದು ಧೃತಿ ನಡುವೆ ಬಂದಳು.

"ಬೇಡ ಅಂದೆ. ಇವತ್ತು ಹಾಕ್ತಿ. ನಾಳೆ? ಮಳೆಗಾಲದವರೆಗೆ ಹಾಕ್ತಿಯಾ? ಆ ಹೆಂಗಸು ಅಲ್ಲಿಯವರೆಗೆ ನೀರಿನಲ್ಲಿ ನಿಲ್ಬೇಕಾ?"

ಲಕ್ಷಿತ್ ಕೀ ಹಿಡಿದುಕೊಂಡೇ ನಿಂತ. ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಹೌದೆಂದು ಮೆಲ್ಲಗೆ ತಲೆ ಆಡಿಸಿದ.

ಅಮ್ಮ ಒಳಗೆ ಹೋಗಿ ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಅದು ಅವರ ಊಟದ ಹೊತ್ತಲ್ಲ. ಮನೆಯವರಿಗೆ ಬೇಕಾದಷ್ಟೂ ಅಲ್ಲ, ಅದಕ್ಕಿಂತ ಹೆಚ್ಚು ಅಕ್ಕಿ. ಧೃತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಗಂಜಿಯಾ ಅಮ್ಮ? ಅವರಿಗಾ?"

"ಹೌದು."

"ಹಾಗಾದ್ರೆ ಮೊದಲೇ ಯಾಕೆ ಕೊಡ್ಲಿಲ್ಲ? ಅಕ್ಕಿ ಕೊಟ್ಟಿದ್ದಿ, ಮೀನು ಕೊಟ್ಟಿದ್ದಿ. ಬೇಯಿಸಿದ್ದು ಯಾಕೆ ಕೊಡ್ಲಿಲ್ಲ?"

ಅಮ್ಮ ಸೌಟು ಹಿಡಿದುಕೊಂಡು ನಿಂತಳು.

"ಹೋದ ವರ್ಷ ಹೂವಪ್ಪಜ್ಜ ತೀರಿಹೋದಾಗ ಅವರ ಮನೆಯಲ್ಲಿ ಯಾರು ಅಡುಗೆ ಮಾಡಿದ್ದು?"

"ಯಾರೂ ಇಲ್ಲ. ಒಲೆ ಹಚ್ಚಲಿಲ್ಲ. ನಾವೆಲ್ಲ ಗಂಜಿ ಕೊಂಡುಹೋದೆವು," ಎಂದಳು ಧೃತಿ. ಹೇಳಿ ಮುಗಿಸುವಾಗ ಅವಳ ಸ್ವರ ಸಣ್ಣದಾಯಿತು.

ಅಮ್ಮ ಸೌಟಿನಿಂದ ಗಂಜಿ ತಿರುವಿದಳು.

ಗಂಜಿ ಬೆಂದಾಗ ಹೊರಗೆ ಕತ್ತಲಾಗುತ್ತ ಬಂದಿತ್ತು. ಅಮ್ಮ ಅದನ್ನು ದೊಡ್ಡ ಪಾತ್ರೆಗೆ ಸುರಿದು, ಮುಚ್ಚಳ ಹಾಕಿ, ಬಟ್ಟೆ ಸುತ್ತಿದಳು. "ನಾನು ಹಿಡಿಯುತ್ತೇನೆ," ಎಂದಳು ಧೃತಿ. ಭಾರವಿತ್ತು. ಒಂದು ಕಡೆ ಅವಳು, ಇನ್ನೊಂದು ಕಡೆ ಲಕ್ಷಿತ್ ಹಿಡಿದರು. ಅಪ್ಪ ಅಮ್ಮ ಹಿಂದೆ ಬಂದರು.

ಓಣಿಯಲ್ಲಿ ಎಂದಿನಂತೆ ಎಲ್ಲ ಮನೆಯ ಟಿವಿಗಳೂ ಹಾಡುತ್ತಿದ್ದವು. ಮೊದಲನೆಯ ಮನೆಯ ಜಗಲಿಯಲ್ಲಿ ಸುಂದರಿಯಕ್ಕ ಹೂ ಕಟ್ಟುತ್ತಿದ್ದಳು. ಬಟ್ಟೆ ಸುತ್ತಿದ ಪಾತ್ರೆ ನೋಡಿದಳು, ಹಿಂದೆ ಬರುವ ಅಪ್ಪನ ಮುಖ ನೋಡಿದಳು. ಎದ್ದು ಒಳಗೆ ಹೋದಳು. ಆ ಮನೆಯ ಟಿವಿ ನಿಂತಿತು.

ಮುಂದಿನ ಮನೆಯದ್ದೂ ನಿಂತಿತು. ಅದರ ಮುಂದಿನದ್ದೂ. ಓಣಿಯ ತುದಿ ಮುಟ್ಟುವಾಗ ಇವರ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಧೃತಿಗೆ ಪಾತ್ರೆ ಮೊದಲಿಗಿಂತ ಭಾರ ಎನಿಸಿತು.

ದ್ರಾಕ್ಷಿ ಕಲ್ಲಿನಿಂದ ಎದ್ದು ದಾರಿ ಬಿಟ್ಟಳು.

ಯಂಕವ್ವ ಎದ್ದು ಕೂತಳು. ಅಮ್ಮ ಮುಚ್ಚಳ ತೆಗೆದ ಪಾತ್ರೆಯಿಂದ ಹಬೆಯಾಡುವುದನ್ನು ನೋಡಿದಳು. ತನ್ನ ತಣ್ಣಗಿನ ಒಲೆಯನ್ನು ನೋಡಿದಳು. ಅವಳ ಊರಿನಲ್ಲಿಯೂ ಇದಕ್ಕೆ ಬೇರೆ ಅರ್ಥ ಇರಲಿಲ್ಲ. ಕೊಪ್ಪಳದಲ್ಲಾಗಲಿ ಪಡುಕರೆಯಲ್ಲಾಗಲಿ, ಮನೆಯ ಒಲೆ ಆರಿದಾಗ ನೆರೆಯವರು ತರುವ ಊಟ ಒಂದೇ.

ಅವಳು ಅಮ್ಮನ ಮುಖ ನೋಡಿದಳು. "ಖರೇನಾ?" ಎಂದು ಕೇಳಿದಳು.

"ಹೌದು, ಯಂಕವ್ವ," ಎಂದಳು ಅಮ್ಮ, ಕನ್ನಡದಲ್ಲಿ.

ಯಂಕವ್ವ ಕೂಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಮುಚ್ಚಿ, ಮುಂದಕ್ಕೆ ಬಾಗಿದಳು. ಅವಳ ಬೆನ್ನು ಅಲುಗತೊಡಗಿತು. ಅಮ್ಮ ಪಕ್ಕದಲ್ಲಿ ಕೂತು ಆ ಬೆನ್ನಿನ ಮೇಲೆ ಕೈಯಿಟ್ಟಳು. ಅಪ್ಪನೂ ಲಕ್ಷಿತನೂ ಹೊರಗೇ ನಿಂತರು.

ಬಹಳ ಹೊತ್ತಿನ ಮೇಲೆ ಸೆರಗಿನ ಒಳಗಿನಿಂದ ಒಂದು ಮಾತು ಬಂತು.

"ಮೊದಲ ಹುಡುಗಿಗೆ ಹಾಕ್ರಿ."

ಧೃತಿ ತಟ್ಟೆ ತಂದಳು. ಗಂಜಿ ಬಡಿಸಿ, ಬಿಸಿ ಆರಲಿ ಎಂದು ಊದಿ, ದ್ರಾಕ್ಷಿಯ ಮುಂದಿಟ್ಟಳು. ದ್ರಾಕ್ಷಿ ಎರಡು ತುತ್ತು ಗಬಗಬನೆ ತಿಂದಳು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಅಳಲು ಶುರುಮಾಡಿದಳು. ಬೋಟು ಹೋದ ಮೇಲೆ ಅವಳು ಅತ್ತದ್ದನ್ನು ಧೃತಿ ನೋಡಿದ್ದು ಅದೇ ಮೊದಲು.

ಅಳಬೇಡ ಎಂದು ಹೇಳಲು ಧೃತಿ ಬಾಯಿ ತೆರೆದಳು. ಆಮೇಲೆ ಹೇಳಲಿಲ್ಲ. ತಟ್ಟೆ ಜಾರದ ಹಾಗೆ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತಳು.